ಪೆನ್ನಿ ಡ್ರೆಡ್‌ಫುಲ್: ನೋಡಿದವರೂ ನೋಡಲು ಹೊರಟವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸೀರಿಯಲ್ ಮುಗಿದದ್ದು 2016ರಲ್ಲಿ. ಆದರೂ ಹೊಸದಾಗಿ ನೋಡಿದವರು ಇವತ್ತಿಗೂ ಅವೇ ಪ್ರಶ್ನೆಗಳನ್ನು ಹಿಡಿದುಕೊಂಡು ಬರುತ್ತಾರೆ. ಕೆಲವರಿಗೆ ಶುರು ಮಾಡುವುದಕ್ಕೇ ಭಯ. ಕೆಲವರಿಗೆ ಕೊನೆ ನೋಡಿ ತಡೆಯಲಾರದ ಕೋಪ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಭಾಗದಲ್ಲಿ ಕಥೆಯ ಗುಟ್ಟು ಬಿಟ್ಟುಕೊಟ್ಟಿಲ್ಲ. ಎರಡನೆಯದು ಮೊದಲ ಎರಡು ಸೀಸನ್ ನೋಡಿದವರಿಗೆ. ಮೂರನೆಯದನ್ನು ಪೂರ್ತಿ ಮುಗಿಸಿದವರು ಮಾತ್ರ ಓದಿ.

## ಇನ್ನೂ ನೋಡದವರಿಗೆ

ಇದು ಯಾವ ತರಹದ ಸೀರಿಯಲ್? ಎಷ್ಟು ಸೀಸನ್ ಇದೆ?

ಕಥೆ ಶುರುವಾಗುವುದು 1891ರ ಲಂಡನ್‌ನಲ್ಲಿ. ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದ ಕಾಲ. ಆಫ್ರಿಕಾ ಸುತ್ತಿ ಹೆಸರು ಮಾಡಿದ ಸರ್ ಮಾಲ್ಕಮ್ ಮರ್ರೆ, ಕಾಣೆಯಾದ ಮಗಳು ಮೀನಾಳನ್ನು ಹುಡುಕುತ್ತಿದ್ದಾನೆ. ಅವನ ಜೊತೆ ಇರುವವಳು ವನೆಸ್ಸಾ ಐವ್ಸ್. ಇವಳಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ, ಕೇಳದ್ದು ಕೇಳುತ್ತದೆ. ಇವರಿಬ್ಬರೂ ಈಥನ್ ಚಾಂಡ್ಲರ್ ಎಂಬ ಅಮೆರಿಕದ ಗುರಿಕಾರನನ್ನು, ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಬ ಎಳೆಯ ವೈದ್ಯನನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ. ಹಳೆಯ ಇಂಗ್ಲಿಷ್ ಕಾದಂಬರಿಗಳ ಪಾತ್ರಗಳೆಲ್ಲ ಒಂದೇ ಊರಿನಲ್ಲಿ, ಒಂದೇ ಕಥೆಯಲ್ಲಿ ಎದುರಾಗುತ್ತವೆ.

ಇದನ್ನು ಕಟ್ಟಿದವರು ಜಾನ್ ಲೋಗನ್. ನಿರ್ಮಾಪಕರಲ್ಲಿ ಸ್ಯಾಮ್ ಮೆಂಡಿಸ್ ಕೂಡ ಇದ್ದಾರೆ. ಅಮೆರಿಕದ ಶೋಟೈಮ್ ಮತ್ತು ಬ್ರಿಟನ್ನಿನ ಸ್ಕೈ ಸೇರಿ 2014ರ ಮೇ ತಿಂಗಳಲ್ಲಿ ತೆರೆಗೆ ತಂದವು. ಮೂರು ಸೀಸನ್, ಒಟ್ಟು 27 ಎಪಿಸೋಡ್: ಮೊದಲು 8, ಆಮೇಲೆ 10, ಕೊನೆಗೆ 9. ಲಂಡನ್ ಅಂತ ನೀವು ನೋಡುವ ಬೀದಿಗಳಲ್ಲಿ ಹೆಚ್ಚಿನವು ಡಬ್ಲಿನ್‌ನವು. ಸೆಟ್‌ಗಳನ್ನು ಹಾಕಿದ್ದು ಐರ್ಲೆಂಡಿನ ಬ್ರೇ ಊರಿನ ಆರ್ಡ್ಮೋರ್ ಸ್ಟುಡಿಯೋದಲ್ಲಿ.

ಹೆಸರಿನ ಬಗ್ಗೆಯೂ ಕೇಳುತ್ತಾರೆ. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ವಾರ ವಾರ ಬರುತ್ತಿದ್ದ ಅಗ್ಗದ ಕಥೆಪುಸ್ತಕಗಳಿಗೆ ಈ ಹೆಸರಿತ್ತು. ಬೆಲೆ ಒಂದು ಪೆನ್ನಿ. ಕೊಲೆ, ರಕ್ತ, ಪಿಶಾಚಿ ಇವೇ ಅದರ ಸರಕು. ಕೂಲಿಯವರು, ಅಂಗಡಿಯ ಹುಡುಗರು ಕಾದು ಕೊಂಡು ಓದುತ್ತಿದ್ದರು.

ನನಗೆ ದೆವ್ವದ ಸಿನಿಮಾ ಅಂದ್ರೇನೇ ಆಗಲ್ಲ. ಇದನ್ನ ನೋಡಬಹುದಾ?

ನೀವು ಯಾವುದಕ್ಕೆ ಹೆದರುತ್ತೀರಿ ಅನ್ನುವುದರ ಮೇಲಿದೆ. ಕತ್ತಲಲ್ಲಿ ಫಕ್ಕನೆ ಏನೋ ಎದುರು ಬಂದು ಬೆಚ್ಚಿಬೀಳಿಸುವ ಸೀನ್‌ಗಳು ಇಲ್ಲಿ ಕಡಿಮೆ. ಮೊದಲ ಎಪಿಸೋಡಿನ ಮೊದಲ ಸೀನೇ ಅಂಥದ್ದು, ಅದನ್ನು ದಾಟಿದರೆ ಮುಂದೆ ಅಷ್ಟಿಲ್ಲ. ರಕ್ತ ಮಾತ್ರ ಧಾರಾಳವಾಗಿದೆ. ಕತ್ತರಿಸಿದ ದೇಹ, ಹೊಲಿಗೆ ಹಾಕಿದ ಚರ್ಮ, ಶವಾಗಾರ ಇವನ್ನೆಲ್ಲ ಹತ್ತಿರದಿಂದ ತೋರಿಸುತ್ತಾರೆ. ಅದು ಆಗದವರಿಗೆ ಕಷ್ಟ.

ಆದರೆ ನೋಡಿದವರಲ್ಲಿ ಹೆಚ್ಚಿನವರು ಹೇಳುವುದು ಭಯದ ಬಗ್ಗೆ ಅಲ್ಲ. "ಇಷ್ಟು ಅಳ್ತೀನಿ ಅಂದ್ಕೊಂಡಿರಲಿಲ್ಲ" ಅನ್ನುತ್ತಾರೆ. ನನಗೂ ಹಾಗೇ ಆಯಿತು. ಇದರಲ್ಲಿ ಬರುವ ಒಬ್ಬೊಬ್ಬರೂ ಯಾರಿಗೂ ಹೇಳಿಕೊಳ್ಳಲಾಗದ ಒಂದು ವಿಷಯ ಹೊತ್ತುಕೊಂಡು ತಿರುಗುತ್ತಾರೆ. ಒಬ್ಬಂಟಿತನ ಹತ್ತಿರದಿಂದ ಗೊತ್ತಿರುವವರಿಗೆ ಈ ಸೀರಿಯಲ್ ತುಂಬಾ ನಾಟುತ್ತದೆ.

ಮನೆಯವರ ಜೊತೆ ಕೂತು ನೋಡೋ ಹಾಗಿದೆಯಾ?

ಮಕ್ಕಳ ಜೊತೆ ಖಂಡಿತ ಬೇಡ. ಇದು ದೊಡ್ಡವರಿಗಾಗಿಯೇ ಮಾಡಿದ್ದು. ನಗ್ನತೆ, ಲೈಂಗಿಕ ದೃಶ್ಯ, ಹೆಂಗಸರ ಮೇಲಿನ ದೌರ್ಜನ್ಯ, ಮಕ್ಕಳ ಸಾವು, ಮಾದಕ ವಸ್ತುವಿನ ಚಟ ಎಲ್ಲವೂ ಬರುತ್ತವೆ. ಆ ಕಾಲದ ಹುಚ್ಚಾಸ್ಪತ್ರೆಯ ಚಿಕಿತ್ಸೆಯನ್ನು ತೋರಿಸುವ ಭಾಗಗಳು ಬಹಳ ಕಠಿಣ. ಮಾನಸಿಕ ಕಾಯಿಲೆಯಿಂದ ನೊಂದವರು, ಅಂಥವರನ್ನು ಮನೆಯಲ್ಲಿ ನೋಡಿಕೊಂಡವರು ಇದನ್ನು ತಿಳಿದುಕೊಂಡೇ ಶುರು ಮಾಡುವುದು ಒಳ್ಳೆಯದು.

ಆ ಹಳೇ ಕಾದಂಬರಿಗಳನ್ನ ಓದಿರಲೇಬೇಕಾ?

ಬೇಡ. ಡಿಗ್ರಿಯಲ್ಲಿ ಇಂಗ್ಲಿಷ್ ಓದಿದವರಿಗೆ ಒಂದೆರಡಾದರೂ ಪರಿಚಯ ಇರುತ್ತದೆ, ಅಷ್ಟೇ ಸಾಕು. ಫ್ರಾಂಕನ್‌ಸ್ಟೈನ್ ಎಂಬ ವಿದ್ಯಾರ್ಥಿ ಶವದ ತುಂಡುಗಳಿಂದ ಒಂದು ಜೀವ ಮಾಡುತ್ತಾನೆ, ಆಮೇಲೆ ಅದನ್ನು ಬಿಟ್ಟು ಓಡುತ್ತಾನೆ. ಡೋರಿಯನ್ ಗ್ರೇ ಎಂಬ ಚೆಲುವನಿಗೆ ಮುಪ್ಪು ಬರುವುದಿಲ್ಲ, ಅವನ ಚಿತ್ರಪಟ ಮುದಿಯಾಗುತ್ತದೆ. ಡ್ರಾಕುಲಾ ರಕ್ತ ಕುಡಿದು ಬದುಕುವ ಕೌಂಟ್. ಇಷ್ಟು ಗೊತ್ತಿದ್ದರೆ ಆಯಿತು.

ಓದಿದವರಿಗೆ ಇನ್ನೊಂದು ಖುಷಿ ಇದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿದೆ ಅಂದುಕೊಂಡೇ ಅವರು ಕೂತಿರುತ್ತಾರೆ. ಲೋಗನ್ ಅದನ್ನೇ ಬಳಸಿಕೊಂಡು ಬೇರೆ ದಾರಿಗೆ ತಿರುಗಿಸುತ್ತಾರೆ. ಹಾಗಾಗಿ ಕಾದಂಬರಿ ಓದಿದವರೇ ಜಾಸ್ತಿ ಏಮಾರುತ್ತಾರೆ.

ಎರಡು ಎಪಿಸೋಡ್ ನೋಡಿದೆ, ತುಂಬಾ ನಿಧಾನ ಅನ್ನಿಸ್ತು. ಬಿಟ್ಟುಬಿಡಲಾ?

ಐದನೇ ಎಪಿಸೋಡ್ ನೋಡಿ ಆಮೇಲೆ ತೀರ್ಮಾನ ಮಾಡಿ. ಮೊದಲ ನಾಲ್ಕರಲ್ಲಿ ಜನರನ್ನು ಪರಿಚಯ ಮಾಡಿಸುತ್ತಾರೆ, ಪ್ರಶ್ನೆಗಳನ್ನು ಹಾಕುತ್ತಾರೆ. ಉತ್ತರ ಕೊಡುವುದಿಲ್ಲ. ಐದನೆಯದು, 'ಕ್ಲೋಸರ್ ದ್ಯಾನ್ ಸಿಸ್ಟರ್ಸ್', ಪೂರ್ತಿ ಹಿಂದಿನ ಕಥೆ. ವನೆಸ್ಸಾ ಯಾರು, ಸರ್ ಮಾಲ್ಕಮ್‌ಗೂ ಅವಳಿಗೂ ಯಾಕೆ ಈ ವಿಚಿತ್ರ ಬಿಗುವು ಅನ್ನುವುದು ಅಲ್ಲಿ ತಿಳಿಯುತ್ತದೆ. ಅದನ್ನು ನೋಡಿಯೂ ಹಿಡಿಸದಿದ್ದರೆ ಮುಂದೆಯೂ ಹಿಡಿಸುವುದಿಲ್ಲ. ನಿಧಾನವೇ ಈ ಸೀರಿಯಲ್‌ನ ನಡಿಗೆ, ಅದು ಮುಂದೆ ಬದಲಾಗುವುದಿಲ್ಲ.

## ಮೊದಲ ಎರಡು ಸೀಸನ್ ನೋಡಿದವರಿಗೆ

ಎಲ್ಲರೂ ಇವಾ ಗ್ರೀನ್ ಇವಾ ಗ್ರೀನ್ ಅಂತಾರಲ್ಲ, ಅಷ್ಟೊಂದು ಏನು ಮಾಡಿದ್ದಾರೆ?

ವನೆಸ್ಸಾ ಪಾತ್ರ ಅವರದು. ಮೊದಲ ಸೀಸನ್‌ನ ಎರಡನೇ ಎಪಿಸೋಡಿನ ಸತ್ತವರನ್ನು ಕರೆಯುವ ಕೂಟ ನೆನಪಿಸಿಕೊಳ್ಳಿ. ದುಂಡು ಮೇಜು, ಸುತ್ತ ಲಂಡನ್ನಿನ ದೊಡ್ಡ ಜನ. ಕರೆದವಳು ಮಾಂತ್ರಿಕಳು ಮೇಡಂ ಕಾಲಿ, ಆದರೆ ಮೈಮೇಲೆ ಬರುವುದು ವನೆಸ್ಸಾಗೆ. ಆಮೇಲೆ ಆಗುವುದೆಲ್ಲ ಒಬ್ಬ ನಟಿಯ ದನಿ, ಕುತ್ತಿಗೆ, ಕಣ್ಣುಗಳಲ್ಲಿ ಆಗುತ್ತದೆ. ಮಗುವಿನ ದನಿ, ಸಾಯುತ್ತಿರುವ ಮಗನ ದನಿ, ಬೈಗುಳ, ಅಳು ಒಂದರ ಹಿಂದೆ ಒಂದು ಬರುತ್ತವೆ. ಕಂಪ್ಯೂಟರ್ ಚಮತ್ಕಾರ ಇಲ್ಲಿ ತೀರಾ ಕಡಿಮೆ. ಸರ್ ಮಾಲ್ಕಮ್‌ನ ಮುಖ ನೋಡಿದರೆ ಸಾಕು, ಆ ಮಾತುಗಳು ಎಲ್ಲಿ ತಾಗುತ್ತಿವೆ ಅಂತ ತಿಳಿಯುತ್ತದೆ.

ಏಳನೇ ಎಪಿಸೋಡಿನಲ್ಲಿ ಅವಳು ಹಾಸಿಗೆ ಹಿಡಿದಿರುತ್ತಾಳೆ. ಕಥೆ ಮನೆ ಬಿಟ್ಟು ಆಚೆ ಹೋಗುವುದೇ ಇಲ್ಲ ಅನ್ನಬಹುದು. ಅಷ್ಟು ಹೊತ್ತೂ ನೋಡುವವರನ್ನು ಹಿಡಿದಿಟ್ಟದ್ದು ಅವರ ಅಭಿನಯ. ಇಷ್ಟಾಗಿಯೂ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಅಭಿಮಾನಿಗಳಿಗೆ ಈ ಸಿಟ್ಟು ಇನ್ನೂ ಆರಿಲ್ಲ, ಅದು ನ್ಯಾಯವಾದ ಸಿಟ್ಟು. 2016ರಲ್ಲಿ ಗೋಲ್ಡನ್ ಗ್ಲೋಬ್‌ಗೆ ಹೆಸರು ಬಂತು, ಪ್ರಶಸ್ತಿ ಬರಲಿಲ್ಲ. ಸೀರಿಯಲ್‌ಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಸಿಕ್ಕಿದ್ದು ಸಂಗೀತ, ಮೇಕಪ್ ಮತ್ತು ಸೆಟ್ ವಿನ್ಯಾಸಕ್ಕೆ. ಸಂಗೀತ ಪೋಲೆಂಡಿನ ಆಬೆಲ್ ಕೊಝೆನಿಯೋವ್‌ಸ್ಕಿ ಅವರದು. ಹೆಡ್‌ಫೋನ್ ಹಾಕಿಕೊಂಡು ಬರೀ ಅದನ್ನೇ ಕೇಳುವ ಅಭಿಮಾನಿಗಳಿದ್ದಾರೆ.

ಪ್ರೋಟಿಯಸ್‌ನ ಯಾಕೆ ಕೊಂದ್ರು? ಅವನು ಪಾಪ ಅಲ್ವಾ?

ಪಾಪವೇ. ಅದಕ್ಕೇ ಕೊಂದರು. ವಿಕ್ಟರ್ ಮಾಡಿದ ಈ ಜೀವಕ್ಕೆ ಏನೂ ನೆನಪಿಲ್ಲ. ಬೆಳಕು ಕಂಡರೂ ಆಶ್ಚರ್ಯ, ಬೀದಿ ಕಂಡರೂ ಆಶ್ಚರ್ಯ. ನಾವು ಇವನೇ ಫ್ರಾಂಕನ್‌ಸ್ಟೈನ್‌ನ ಸೃಷ್ಟಿ ಅಂದುಕೊಂಡು ಎರಡು ಎಪಿಸೋಡಿನಲ್ಲೇ ಅವನನ್ನು ಹಚ್ಚಿಕೊಂಡಿರುತ್ತೇವೆ. ಆಗ ಅವನ ಎದೆ ಸೀಳಿಕೊಂಡು ಹಿಂದಿನಿಂದ ಇನ್ನೊಬ್ಬ ಬರುತ್ತಾನೆ. ಪ್ರೋಟಿಯಸ್ ಎರಡನೆಯವನು, ಮೊದಲನೆಯವನು ಈಗ ಮನೆಗೆ ಬಂದಿದ್ದಾನೆ ಅಂತ ಆ ಕ್ಷಣದಲ್ಲಿ ಗೊತ್ತಾಗುತ್ತದೆ.

ಇಲ್ಲಿಗೆ ನೋಡುವುದನ್ನು ಬಿಟ್ಟವರೂ ಇದ್ದಾರೆ. ಆದರೆ ಈ ಸಾವು ಸುಮ್ನೆ ಬೆಚ್ಚಿಬೀಳಿಸಲು ಇಟ್ಟದ್ದಲ್ಲ. ವಿಕ್ಟರ್ ಪ್ರೋಟಿಯಸ್‌ಗೆ ಕೊಟ್ಟ ಪ್ರೀತಿ ಮೊದಲನೆಯವನಿಗೆ ಸಿಕ್ಕಿರಲಿಲ್ಲ. ಅವನು ಹುಟ್ಟಿದಾಗ ನೋವಿನಿಂದ ಕಿರುಚಿದ, ವಿಕ್ಟರ್ ಹೆದರಿ ಓಡಿದ. ಮುಂದೆ ಅವನು ಎಷ್ಟು ಕ್ರೂರಿಯಾದರೂ ಈ ಲೆಕ್ಕ ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ.

ಆ ಮೊದಲನೆಯವನ ಮೇಲೆ ಕೋಪ ಮಾಡ್ಕೋಬೇಕಾ, ಕನಿಕರ ಪಡಬೇಕಾ? ನನಗೆ ಗೊತ್ತೇ ಆಗ್ತಿಲ್ಲ.

ಎರಡೂ ಆಗಬೇಕು, ಒಂದೇ ಸೀನ್‌ನಲ್ಲಿ. ರೋರಿ ಕಿನ್ನಿಯರ್ ಈ ಪಾತ್ರ ಮಾಡಿದ ರೀತಿ ಹಾಗಿದೆ. ಅವನಿಗೆ ಕವಿತೆ ಗೊತ್ತು, ನಾಟಕ ಗೊತ್ತು, ಮಾತು ತೂಕದ್ದು. ಅದೇ ಕೈಗಳಿಂದ ಕೊಲೆ ಮಾಡುತ್ತಾನೆ. ತನಗೊಬ್ಬ ಸಂಗಾತಿಯನ್ನು ಮಾಡಿಕೊಡು ಅಂತ ವಿಕ್ಟರ್‌ನನ್ನು ಹೆದರಿಸುತ್ತಾನೆ. ಅವನಿಗೆ ಸಂಗಾತಿ ಬೇಕು, ಆದರೆ ಆ ಹೆಣ್ಣಿಗೆ ಏನು ಬೇಕು ಅಂತ ಅವನೂ ಕೇಳುವುದಿಲ್ಲ, ವಿಕ್ಟರ್ ಕೂಡ ಕೇಳುವುದಿಲ್ಲ. ಈ ತಪ್ಪನ್ನು ಸೀರಿಯಲ್ ಮರೆಯುವುದಿಲ್ಲ, ಹಾಗೆ ಎದ್ದು ಬಂದ ಲಿಲಿಯ ಮೂಲಕ ಲೆಕ್ಕ ಕೇಳುತ್ತದೆ.

ಎರಡನೇ ಸೀಸನ್‌ನಲ್ಲಿ ಅವನು ಜಾನ್ ಕ್ಲೇರ್ ಅಂತ ಒಬ್ಬ ಕವಿಯ ಹೆಸರಿಟ್ಟುಕೊಳ್ಳುತ್ತಾನೆ. ಕಾಲರಾ ರೋಗಿಗಳ ಆಸರೆಯಲ್ಲಿ ವನೆಸ್ಸಾಳನ್ನು ಭೇಟಿಯಾಗುತ್ತಾನೆ. ಅವಳು ಅವನ ಮುಖ ನೋಡಿ ಹಿಂಜರಿಯುವುದಿಲ್ಲ. ಇಬ್ಬರೂ ದೇವರ ಬಗ್ಗೆ ಮಾತಾಡುತ್ತಾರೆ. ಅವಳಿಗೆ ನಂಬಿಕೆ ಇದೆ, ಅವನಿಗೆ ಇಲ್ಲ. ಯಾರೂ ಯಾರನ್ನೂ ಗೆಲ್ಲಲು ಹೋಗುವುದಿಲ್ಲ. ಇಡೀ ಸೀರಿಯಲ್‌ನಲ್ಲಿ ನನಗೆ ಅತಿ ಇಷ್ಟವಾದ ಮಾತುಕತೆಗಳು ಇವು. ಪಿಶಾಚಿ, ಮಾಟ ಏನೂ ಇಲ್ಲದೆ ಇಬ್ಬರು ಕೂತು ಮಾತಾಡುವ ಈ ಸೀನ್‌ಗಳನ್ನೇ ಅಭಿಮಾನಿಗಳು ಮತ್ತೆ ಮತ್ತೆ ನೋಡುತ್ತಾರೆ.

ಮೊದಲ ಸೀಸನ್ ಕೊನೆಗೆ ಪಾದ್ರಿ ಕೇಳೋ ಪ್ರಶ್ನೆ ಅಷ್ಟು ಮುಖ್ಯನಾ?

ತುಂಬಾ ಮುಖ್ಯ. ತನ್ನೊಳಗಿನದನ್ನು ಬಿಡಿಸಿ ಅಂತ ವನೆಸ್ಸಾ ಚರ್ಚಿಗೆ ಹೋಗುತ್ತಾಳೆ. ಪಾದ್ರಿ ಹೆದರಿಸುವುದಿಲ್ಲ. ಇಂಥದ್ದು ಮುಟ್ಟಿದವರಲ್ಲಿ ಒಂದು ಬಗೆಯ ಪಾವಿತ್ರ್ಯವೂ ಇರುತ್ತದೆ ಅನ್ನುತ್ತಾನೆ. ಎಲ್ಲರ ಹಾಗೆ ಸಾಮಾನ್ಯಳಾಗುವುದು ನಿನಗೆ ನಿಜವಾಗಿಯೂ ಬೇಕಾ ಅಂತ ಕೇಳುತ್ತಾನೆ. ಅವಳು ಉತ್ತರ ಕೊಡುವ ಮೊದಲೇ ಸೀಸನ್ ಮುಗಿಯುತ್ತದೆ.

ಜಗತ್ತಿನ ಕಣ್ಣಿಗೆ ಬೇರೆಯಾಗಿ ಕಂಡವರು ಈ ಪ್ರಶ್ನೆಯನ್ನು ತಮಗೇ ಕೇಳಿದ ಹಾಗೆ ತೆಗೆದುಕೊಂಡರು. ಕಾಯಿಲೆಯವರು, ಮನೆಯಿಂದ ದೂರ ಆದವರು, ತಮ್ಮ ಲೈಂಗಿಕತೆಯನ್ನು ಮುಚ್ಚಿಟ್ಟುಕೊಂಡು ಬದುಕಿದವರು ಇವರಲ್ಲಿದ್ದಾರೆ. ಲೋಗನ್ ತಾವು ಸಲಿಂಗಿಯಾಗಿ ಬೆಳೆದ ಅನುಭವವನ್ನೂ ರಾಕ್ಷಸ ಪಾತ್ರಗಳ ಮೇಲಿನ ತಮ್ಮ ಪ್ರೀತಿಯನ್ನೂ ಸೇರಿಸಿ ಬಹಿರಂಗವಾಗಿಯೇ ಮಾತಾಡಿದ್ದಾರೆ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಕೊನೆಯ ಸೀಸನ್ ಬಗ್ಗೆ ಇರುವ ಜಗಳಕ್ಕೆಲ್ಲ ಇದೇ ಬೇರು.

ಮಾಟಗಾತಿಯರು ಮಾತಾಡೋ ಭಾಷೆ ನಿಜವಾಗ್ಲೂ ಇದೆಯಾ?

ಇಲ್ಲ, ಸೀರಿಯಲ್‌ಗಾಗಿಯೇ ಕಟ್ಟಿದ್ದು. ಹೆಸರು ವೆರ್ಬಿಸ್ ಡಿಯಾಬ್ಲೊ. ಇದನ್ನು ಕಟ್ಟಿದ ಡೇವಿಡ್ ಪೀಟರ್‌ಸನ್ ಬೇರೆ ಸೀರಿಯಲ್‌ಗಳಿಗೂ ಹೊಸ ಭಾಷೆ ಮಾಡಿಕೊಟ್ಟವರು. ಹಳೆಯ ಭಾಷೆಗಳ ಪದಗಳನ್ನು ತಿರುಚಿ, ಮುರಿದು ಇದನ್ನು ಮಾಡಿದ್ದಾರೆ. ಹಾಗಾಗಿ ಎಲ್ಲೋ ಕೇಳಿದ ಹಾಗೂ ಇರುತ್ತದೆ, ಅರ್ಥವೂ ಆಗುವುದಿಲ್ಲ. ವನೆಸ್ಸಾ ಮತ್ತು ಮಾಟಗಾತಿಯರ ನಾಯಕಿ ಎವ್ಲಿನ್ ಪೂಲ್ (ಮೊದಲ ಸೀಸನ್‌ನ ಮೇಡಂ ಕಾಲಿ ಇವಳೇ) ಎದುರುಬದುರು ನಿಂತು ಇದೇ ಭಾಷೆಯಲ್ಲಿ ಕಾದಾಡುವಾಗ ಮೈ ಜುಮ್ಮೆನ್ನುತ್ತದೆ. ಎವ್ಲಿನ್ ಪಾತ್ರದ ಹೆಲೆನ್ ಮೆಕ್‌ಕ್ರೋರಿ 2021ರಲ್ಲಿ ತೀರಿಕೊಂಡರು. ಅದಾದ ಮೇಲೆ ಈ ಸೀಸನ್ ಮತ್ತೆ ನೋಡಿದವರು ಬಹಳ.

ಫ್ರಾಂಕನ್‌ಸ್ಟೈನ್ ಕಾಲಾನೇ ಬೇರೆ, ಡ್ರಾಕುಲಾ ಕಾಲಾನೇ ಬೇರೆ. ಇದೆಲ್ಲ ತಪ್ಪಲ್ವಾ?

ಇಸವಿ ಹಿಡಿದು ನೋಡಿದರೆ ಹೌದು. ಫ್ರಾಂಕನ್‌ಸ್ಟೈನ್ ಬಂದದ್ದು 1818ರಲ್ಲಿ, ಜೆಕಿಲ್ 1886ರಲ್ಲಿ, ಡೋರಿಯನ್ ಗ್ರೇ ಪತ್ರಿಕೆಯಲ್ಲಿ ಬಂದದ್ದು 1890ರಲ್ಲಿ, ಡ್ರಾಕುಲಾ 1897ರಲ್ಲಿ. ಗ್ರಾಂಡ್ ಗೀನ್ಯೋಲ್ ಅನ್ನುವ ರಕ್ತಸಿಕ್ತ ನಾಟಕಶಾಲೆ ಪ್ಯಾರಿಸ್‌ನಲ್ಲಿ ಶುರುವಾದದ್ದೂ 1897ರಲ್ಲೇ. ಸೀರಿಯಲ್ ಅದನ್ನು ಲಂಡನ್ನಿಗೆ, ಅದೂ ಆರು ವರ್ಷ ಮುಂಚೆಯೇ ತಂದುಬಿಟ್ಟಿದೆ. ಆದರೆ ಕೆಲವು ಕಡೆ ತಾರೀಖು ಪಕ್ಕಾ. ಮೂರನೇ ಸೀಸನ್ ಶುರುವಾಗುವುದು ಕವಿ ಟೆನಿಸನ್ ಸತ್ತ ದಿನ, ಅಂದರೆ 1892ರ ಅಕ್ಟೋಬರ್ 6. ಒಂದು ಯುಗ ಮುಗಿಯಿತು ಅಂತ ಊರೆಲ್ಲ ದುಃಖದಲ್ಲಿರುವಾಗ ವನೆಸ್ಸಾ ಬಾಗಿಲು ಹಾಕಿಕೊಂಡು ಕೊಳಕು ಮನೆಯಲ್ಲಿ ಕೂತಿರುತ್ತಾಳೆ.

## ಪೂರ್ತಿ ಮುಗಿಸಿದವರಿಗೆ

ಯಾವ ಎಪಿಸೋಡ್ ಬೆಸ್ಟ್ ಅಂತೀರಿ?

ಅಭಿಮಾನಿಗಳ ಮಾತಿನಲ್ಲಿ ಮೂರು ಹೆಸರು ತಪ್ಪದೆ ಬರುತ್ತವೆ. ಮೊದಲ ಸೀಸನ್‌ನ 'ಕ್ಲೋಸರ್ ದ್ಯಾನ್ ಸಿಸ್ಟರ್ಸ್', ಎರಡನೆಯದರ 'ದ ನೈಟ್‌ಕಮರ್ಸ್', ಮೂರನೆಯದರ 'ಎ ಬ್ಲೇಡ್ ಆಫ್ ಗ್ರಾಸ್'. ಮೂರೂ ವನೆಸ್ಸಾಳ ಹಿಂದಿನ ಕಥೆಗಳೇ. ಮೂರರಲ್ಲೂ ಮುಖ್ಯ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

'ನೈಟ್‌ಕಮರ್ಸ್'ನಲ್ಲಿ ಪ್ಯಾಟಿ ಲುಪೋನ್ ಒಬ್ಬ ಮುದುಕಿ. ಬಯಲಿನ ನಡುವೆ ಗುಡಿಸಲು. ಬೇಡದ ಬಸಿರು ಇಳಿಸಿಕೊಳ್ಳಲು ಹಳ್ಳಿಯ ಹೆಂಗಸರು ಕತ್ತಲಲ್ಲಿ ಅವಳ ಬಾಗಿಲಿಗೆ ಬರುತ್ತಾರೆ, ಹಗಲಲ್ಲಿ ಅವಳ ಕಡೆ ಉಗಿಯುತ್ತಾರೆ. ಕೊನೆಗೆ ಅದೇ ಊರಿನವರು ಅವಳನ್ನು ಸುಡುತ್ತಾರೆ. ಹಳ್ಳಿಯ ಸೂಲಗಿತ್ತಿಯರ, ನಾಟಿ ಮದ್ದು ಕೊಡುವ ಅಜ್ಜಿಯರ ಕಥೆ ಕೇಳಿ ಬೆಳೆದವರಿಗೆ ಈ ಮುದುಕಿ ಅಪರಿಚಿತಳಲ್ಲ.

ನನ್ನ ಆಯ್ಕೆ 'ಎ ಬ್ಲೇಡ್ ಆಫ್ ಗ್ರಾಸ್'. ಗೋಡೆಗೆಲ್ಲ ಮೆತ್ತೆ ಹೊಡೆದ ಒಂದು ಕೋಣೆ, ಹೆಚ್ಚುಕಡಿಮೆ ಮೂರೇ ನಟರು. ಮನೋವೈದ್ಯೆ ಡಾಕ್ಟರ್ ಸೀವರ್ಡ್ ವನೆಸ್ಸಾಳನ್ನು ಸಮ್ಮೋಹನಗೊಳಿಸಿ, ಅವಳು ಹಿಂದೆ ಇದ್ದ ಹುಚ್ಚಾಸ್ಪತ್ರೆಯ ದಿನಗಳಿಗೆ ಕಳಿಸುತ್ತಾಳೆ. ಆ ಆಸ್ಪತ್ರೆಯಲ್ಲಿ ಅವಳಿಗೆ ಊಟ ತರುತ್ತಿದ್ದ ಆಳು ಯಾರು ಅಂತ ಆಗ ತಿಳಿಯುತ್ತದೆ. ಮುಂದೆ ಸತ್ತು, ವಿಕ್ಟರ್ ಕೈಯಲ್ಲಿ ಎದ್ದು ಬರುವ ಮನುಷ್ಯ ಅವನೇ. ಅವನು ಅವಳ ತಲೆ ಬಾಚುತ್ತಾನೆ, ಮುಖಕ್ಕೆ ಬಣ್ಣ ಹಚ್ಚುತ್ತಾನೆ. ಕೆಲಸದ ನಿಯಮ ಮೀರಿ ಕರುಣೆ ತೋರಿಸುತ್ತಾನೆ. ಎರಡನೇ ಸೀಸನ್‌ನಲ್ಲಿ ಅವರಿಬ್ಬರೂ ಅಷ್ಟು ಬೇಗ ಹತ್ತಿರ ಆದದ್ದು ಯಾಕೆ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುತ್ತದೆ.

ಸೆಂಬೆನೆ, ಏಂಜಲಿಕ್, ಕೈಟೆನೆ... ಇವರಿಗೆ ಅನ್ಯಾಯ ಆಗಲಿಲ್ವಾ?

ಆಯಿತು. ಸೀರಿಯಲ್‌ನ ಮೇಲೆ ಪ್ರೀತಿ ಇದ್ದವರೇ ಇದನ್ನು ಜೋರಾಗಿ ಹೇಳಿದ್ದಾರೆ. ಸೆಂಬೆನೆ ಆಫ್ರಿಕಾದಿಂದ ಸರ್ ಮಾಲ್ಕಮ್ ಜೊತೆ ಬಂದವನು. ಡ್ಯಾನಿ ಸಪಾನಿ ಆ ಪಾತ್ರಕ್ಕೆ ಎಷ್ಟು ಘನತೆ ಕೊಟ್ಟಿದ್ದಾರೆ! ಅವನ ಕಥೆ ಕೇಳಲು ನಾವು ಎರಡು ಸೀಸನ್ ಕಾದೆವು. ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಮಾತು, ಆಮೇಲೆ ತೋಳಮನುಷ್ಯನಾಗಿ ಬದಲಾದ ಈಥನ್‌ನ ಕೈಯಲ್ಲಿ ಸಾವು. ಬಿಳಿಯರ ಮನೆಯಲ್ಲಿದ್ದ ಒಬ್ಬನೇ ಕಪ್ಪು ಮನುಷ್ಯ ಅವರಲ್ಲೊಬ್ಬನಿಗಾಗಿ ಸಾಯುವುದನ್ನು ಎಷ್ಟು ಸಲ ನೋಡಬೇಕು ಅಂತ ಜನ ಕೇಳಿದ್ದು ಸರಿಯಾಗಿತ್ತು.

ಏಂಜಲಿಕ್ ಟ್ರಾನ್ಸ್ ಹೆಣ್ಣು. ಅವಳಿಗಾಗಿ ಡೋರಿಯನ್ ಅಷ್ಟು ದೊಡ್ಡ ಔತಣ ಮಾಡಿದ. ಅವನ ಚಿತ್ರಪಟದ ಗುಟ್ಟು ನೋಡಿಯೂ ನಿನ್ನನ್ನು ಒಪ್ಪುತ್ತೇನೆ ಅಂದವಳಿಗೆ ವಿಷ ಕೊಟ್ಟ. ಡೋರಿಯನ್ ಎಂಥವನು ಅಂತ ತೋರಿಸಲು ಇದು ಬೇಕಿತ್ತು ಅನ್ನುವ ವಾದ ಇದೆ. ಅದನ್ನು ತೋರಿಸಲು ಅವಳೇ ಯಾಕೆ ಸಾಯಬೇಕಿತ್ತು ಅನ್ನುವುದಕ್ಕೆ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಕೈಟೆನೆ ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನಾಂಗದವನು. ಆ ಪಾತ್ರ ಮಾಡಿದ ವೆಸ್ ಸ್ಟೂಡಿ ಚೆರೋಕಿ ಮೂಲದ ದೊಡ್ಡ ನಟ. ಕೈಟೆನೆಯ ಜನರ ಹತ್ಯೆಯ ಮಾತು ಬಂತು, ಆದರೆ ಕಥೆ ಅವನನ್ನು ಈಥನ್‌ಗೆ ದಾರಿ ತೋರಿಸುವ ಕೆಲಸಕ್ಕೇ ಹೆಚ್ಚು ಬಳಸಿಕೊಂಡಿತು.

ಡಾಕ್ಟರ್ ಜೆಕಿಲ್‌ನ ಅರ್ಧ ಭಾರತೀಯ ಅಂತ ಯಾಕೆ ಮಾಡಿದ್ರು?

ನಮ್ಮ ಕಡೆಯ ಪ್ರೇಕ್ಷಕರು ತಪ್ಪದೆ ಕೇಳುವ ಪ್ರಶ್ನೆ ಇದು. ಮೂಲ ಕಥೆಯಲ್ಲಿ ಹಾಗಿಲ್ಲ, ಅಲ್ಲಿ ಅವನು ತಾನೇ ಮಾಡಿದ ಮದ್ದು ಕುಡಿದು ಹೈಡ್ ಎಂಬ ದುಷ್ಟನಾಗುವ ವೈದ್ಯ. ಇಲ್ಲಿ ಅವನ ತಂದೆ ಇಂಗ್ಲಿಷ್ ಲಾರ್ಡ್, ತಾಯಿ ಭಾರತೀಯಳು. ತಂದೆ ಅವರನ್ನು ಕೈಬಿಟ್ಟ. ಓದುವಾಗ ಜೊತೆಯವರು ಮೈಬಣ್ಣ ಹಿಡಿದು ಹೀಯಾಳಿಸಿದರು, ವಿಕ್ಟರ್ ಒಬ್ಬ ಗೆಳೆಯನಾದ. ಈಗ ಲಂಡನ್ನಿನ ಬೆಡ್ಲಾಮ್ ಹುಚ್ಚಾಸ್ಪತ್ರೆಯಲ್ಲಿ ಸಿಟ್ಟಿನ ರೋಗಿಗಳನ್ನು ಶಾಂತ ಮಾಡುವ ಮದ್ದು ಹುಡುಕುತ್ತಿದ್ದಾನೆ. ಪಾಕಿಸ್ತಾನಿ ಮೂಲವೂ ಇರುವ ಬ್ರಿಟಿಷ್ ನಟ ಶಾಝಾದ್ ಲತೀಫ್ ಈ ಪಾತ್ರ ಮಾಡಿದ್ದಾರೆ.

ಇದು ಬಹಳ ಒಳ್ಳೆಯ ಯೋಚನೆ. ಒಬ್ಬನಲ್ಲಿ ಇಬ್ಬರು ಅನ್ನುವ ಹಳೆಯ ಕಥೆಗೆ ಇಲ್ಲಿ ಸಾಮ್ರಾಜ್ಯದ ಗಾಯ ಸೇರಿಕೊಳ್ಳುತ್ತದೆ. ಅವನು ಅದುಮಿಟ್ಟ ಕೋಪಕ್ಕೆ ನಿಜವಾದ ಕಾರಣ ಇದೆ. ತಂದೆ ಸತ್ತ ಮೇಲೆ ಪದವಿ ಇವನಿಗೆ ಬರುತ್ತದೆ, ಇವನು ಲಾರ್ಡ್ ಹೈಡ್ ಆಗುತ್ತಾನೆ. ಅಲ್ಲಿಗೆ ಅವನ ಕಥೆ ನಿಂತುಬಿಟ್ಟಿತು. ಅವನು ತನ್ನ ಮದ್ದು ಕುಡಿಯುವುದನ್ನು ನಾವು ನೋಡಲೇ ಇಲ್ಲ. ಅರ್ಧಕ್ಕೇ ಬಿಟ್ಟ ಎಳೆಗಳಲ್ಲಿ ನನಗೆ ಅತಿ ಬೇಸರ ಆದದ್ದು ಇದು.

ಸೀರಿಯಲ್‌ನ ಚಾನೆಲ್‌ನವರು ನಿಲ್ಲಿಸಿದ್ರಾ, ಇಲ್ಲ ಅವರೇ ಮುಗಿಸಿದ್ರಾ?

ಅವರೇ ಮುಗಿಸಿದ್ದು ಅಂತಲೇ ಲೋಗನ್ ಮತ್ತು ಶೋಟೈಮ್‌ನವರು ಹೇಳಿದ್ದು. ಎರಡನೇ ಸೀಸನ್ ಮಾಡುವಾಗಲೇ ಲೋಗನ್‌ಗೆ ವನೆಸ್ಸಾಳ ಕಥೆ ಮೂರನೆಯದಕ್ಕೆ ಮುಗಿಯಬೇಕು ಅನ್ನಿಸಿತ್ತಂತೆ. ಆದರೆ ಪ್ರೇಕ್ಷಕರಿಗೆ ಯಾರೂ ಹೇಳಲಿಲ್ಲ. 2016ರ ಜೂನ್ 19ರ ರಾತ್ರಿ ಕೊನೆಯ ಎರಡು ಎಪಿಸೋಡ್ ಒಟ್ಟಿಗೆ ಹಾಕಿದರು. ಮುಗಿದಾಗ 'ಕೊನೆ' ಅಂತ ತೆರೆಯ ಮೇಲೆ ಬಂತು. ಸೀಸನ್ ಮುಗಿಯಿತು ಅಂದುಕೊಂಡು ಕೂತವರಿಗೆ ಸೀರಿಯಲ್ಲೇ ಮುಗಿದದ್ದು ಗೊತ್ತಾದದ್ದು ಆಗ.

ಅಚ್ಚರಿ ಉಳಿಸಲು ಹೀಗೆ ಮಾಡಿದರು. ನನಗಂತೂ ಇದು ಸರಿ ಅನ್ನಿಸಲಿಲ್ಲ. ಕೊನೆ ಅಂತ ಮೊದಲೇ ತಿಳಿದಿದ್ದರೆ ಜನ ಪ್ರತಿ ಎಪಿಸೋಡನ್ನೂ ಬೀಳ್ಕೊಡುವ ಮನಸ್ಸಿನಿಂದ ನೋಡುತ್ತಿದ್ದರು. ತಮ್ಮನ್ನು 'ಡ್ರೆಡ್‌ಫುಲ್ಸ್' ಅಂತ ಕರೆದುಕೊಳ್ಳುತ್ತಿದ್ದ ಅಭಿಮಾನಿಗಳು ಈ ಸೀರಿಯಲ್‌ಗೆ ಎಷ್ಟು ಮಾಡಿದ್ದರು! ಅವರಿಗೆ ಒಂದು ಮಾತು ಹೇಳಬೇಕಿತ್ತು.

ಮೂರನೇ ಸೀಸನ್ ಕೊನೆ ಯಾಕಿಷ್ಟು ಅವಸರ?

ಒಂಬತ್ತೇ ಎಪಿಸೋಡಿನಲ್ಲಿ ಕಥೆಯನ್ನು ತುಂಬಾ ಕಡೆ ಹರಡಿದರು. ಈಥನ್ ಅಮೆರಿಕದಲ್ಲಿ, ವಿಕ್ಟರ್ ಬೆಡ್ಲಾಮ್‌ನಲ್ಲಿ, ಲಿಲಿ ಡೋರಿಯನ್ ಮನೆಯಲ್ಲಿ, ಜಾನ್ ಕ್ಲೇರ್ ತನ್ನ ಹಳೆಯ ಸಂಸಾರ ಹುಡುಕುತ್ತಾ, ವನೆಸ್ಸಾ ಡ್ರಾಕುಲಾ ಹತ್ತಿರ. ಒಟ್ಟಿಗೆ ಇದ್ದಾಗ ಚೆನ್ನಾಗಿದ್ದ ಜನ ಬೇರೆ ಬೇರೆ ಖಂಡಗಳಿಗೆ ಹೋದರು. ಮೊದಲ ಎರಡು ಸೀಸನ್ ಲೋಗನ್ ಒಬ್ಬರೇ ಬರೆದಿದ್ದರು, ಮೂರನೆಯದಕ್ಕೆ ಬೇರೆಯವರೂ ಸೇರಿದರು. ಕ್ಯಾಟ್ರಿಯೋನಾ ಹಾರ್ಟ್‌ಡೆಗನ್ ಎಂಬ ಹೊಸ ಪಾತ್ರ ಬಂದದ್ದೇ ಕೊನೆಯ ಭಾಗದಲ್ಲಿ. ಮುಂದೆ ಇನ್ನೊಂದು ಸೀಸನ್ ಇದೆ ಅಂತ ಎಲ್ಲರೂ ನಂಬಿದ್ದಕ್ಕೆ ಅದೂ ಒಂದು ಕಾರಣ.

ಆದರೂ ಎರಡು ಎಳೆ ಚೆನ್ನಾಗಿ ಮುಗಿದವು. ಸರಪಳಿಯಲ್ಲಿ ಕಟ್ಟಿಹಾಕಿದ ಲಿಲಿ, ಚಳಿಗೆ ಸತ್ತ ತನ್ನ ಹಸುಗೂಸಿನ ಬಗ್ಗೆ ವಿಕ್ಟರ್‌ಗೆ ಹೇಳುತ್ತಾಳೆ. ನೋವನ್ನು ತೆಗೆದು ಅವಳನ್ನು ಶಾಂತ ಮಾಡುತ್ತೇನೆ ಅಂತ ಹೊರಟಿದ್ದ ವಿಕ್ಟರ್, ಆ ನೋವೇ ಅವಳ ಬಳಿ ಉಳಿದ ಮಗಳ ನೆನಪು ಅಂತ ತಿಳಿದು ಬಿಟ್ಟುಬಿಡುತ್ತಾನೆ. ಬಿಲಿ ಪೈಪರ್ ಆ ಸೀನ್ ಮಾಡಿದ ರೀತಿಯನ್ನು ಮರೆಯುವುದು ಕಷ್ಟ. ಇನ್ನೊಂದು ಜಾನ್ ಕ್ಲೇರ್‌ನದು. ಮಗ ಸಾಯುತ್ತಾನೆ. ಅವನನ್ನು ಎಬ್ಬಿಸಿಕೊಂಡು ಬಾ ಅಂತ ಹೆಂಡತಿ ಹಟ ಹಿಡಿಯುತ್ತಾಳೆ. ಸತ್ತು ಎದ್ದು ಬರುವುದು ಏನು ಅಂತ ಅವನಿಗೊಬ್ಬನಿಗೇ ಗೊತ್ತು. ಮಗನನ್ನು ಥೇಮ್ಸ್ ನದಿಗೆ ಬಿಡುತ್ತಾನೆ.

ವನೆಸ್ಸಾ ಸಾಯಲೇಬೇಕಿತ್ತಾ? ನನಗೆ ಇನ್ನೂ ಸಮಾಧಾನ ಆಗಿಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮೊದಲು ಕೊನೆಯನ್ನು ಒಪ್ಪುವವರ ಮಾತು. ಅವಳು ಮೊದಲ ಎಪಿಸೋಡಿನಿಂದಲೂ ದೇವರ ಮುಂದೆ ಮಂಡಿಯೂರಿದವಳು. ಎರಡನೇ ಸೀಸನ್ ಕೊನೆಗೆ ಶಿಲುಬೆಯನ್ನು ಬೆಂಕಿಗೆ ಹಾಕಿದಳು. ಕೊನೆಗೆ ಈಥನ್ ಜೊತೆ ಪ್ರಾರ್ಥನೆ ಹೇಳುತ್ತಾ ಸಾಯುತ್ತಾಳೆ. ಕಳೆದುಕೊಂಡ ನಂಬಿಕೆ ತಿರುಗಿ ಸಿಕ್ಕಿತು, ಲಂಡನ್ ಕವಿದಿದ್ದ ಕತ್ತಲೆ ಸರಿಯಿತು. ಲೋಗನ್‌ಗೆ ಇದು ಅವಳು ದೇವರ ಬಳಿಗೆ ಹೋಗುವ ಕಥೆ. ಹಾಗೆ ನೋಡಿ ಸಮಾಧಾನ ಪಟ್ಟವರು ಇದ್ದಾರೆ, ಅವರ ಮಾತಿನಲ್ಲಿ ತೂಕ ಇದೆ.

ಒಪ್ಪದವರ ದೂರುಗಳಲ್ಲಿ ಕೆಲವು ಸಣ್ಣವು. ಡ್ರಾಕುಲಾ ಯಾವ ಶಿಕ್ಷೆಯೂ ಇಲ್ಲದೆ ಮಾಯವಾದ ಅನ್ನುವುದು ಅಂಥದ್ದು. ದೊಡ್ಡ ದೂರು ಬೇರೆ. ಮೂರನೇ ಸೀಸನ್‌ನ ಏಳನೇ ಎಪಿಸೋಡಿನಲ್ಲಿ ಡ್ರಾಕುಲಾ ತನ್ನನ್ನು ಒಪ್ಪುತ್ತೀಯಾ ಅಂತ ಕೇಳುತ್ತಾನೆ. ನಾನು ನನ್ನನ್ನು ಒಪ್ಪಿಕೊಳ್ಳುತ್ತೇನೆ ಅನ್ನುತ್ತಾಳೆ ಅವಳು. ಮೊದಲ ಸೀಸನ್‌ನ ಪಾದ್ರಿಯ ಪ್ರಶ್ನೆಗೆ ಕೊನೆಗೂ ಬಂದ ಉತ್ತರ ಅದು. ಅಲ್ಲಿಂದ ಮುಂದೆ ಎರಡು ಎಪಿಸೋಡಿನಲ್ಲಿ ಅವಳು ಕಾಣುವುದೇ ಅಪರೂಪ. ಊರಿಗೆ ಮಂಜು, ಸಾವು. ಗಂಡಸರು ಬಂದೂಕು ಹಿಡಿದು ಅವಳನ್ನು ಹುಡುಕುತ್ತಾರೆ. ಈಥನ್ ಸಿಕ್ಕಾಗ ಅವಳು ತನ್ನನ್ನು ಕೊಲ್ಲು ಅನ್ನುತ್ತಾಳೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಸಾವು ತಪ್ಪಲ್ಲ. ಇಂಥ ಕಥೆಗೆ ಆ ಕೊನೆ ಬರಬಹುದಿತ್ತು. ತಪ್ಪಿದ್ದು ಇಲ್ಲಿ: ನೀನು ಬೇರೆಯವಳಾಗಿರುವುದರಲ್ಲೂ ಪಾವಿತ್ರ್ಯ ಇದೆ ಅಂತ ಹೇಳಿಕೊಂಡು ಬಂದ ಸೀರಿಯಲ್, ಅವಳು ಅದನ್ನು ನಂಬಿದ ಮರುಕ್ಷಣವೇ ಆ ಬೇರೆತನವನ್ನು ಲೋಕಕ್ಕೆ ಬಂದ ಪಿಡುಗು ಅಂತ ತೋರಿಸಿತು. ತನ್ನನ್ನು ಒಪ್ಪಿಕೊಂಡವಳು ಸಾವನ್ನು ಕೇಳುವ ಹಂತಕ್ಕೆ ಹೇಗೆ ಬಂದಳು? ಆ ನಡುವಿನ ದಾರಿ ನಮಗೆ ಕಾಣಬೇಕಿತ್ತು. 'ಎ ಬ್ಲೇಡ್ ಆಫ್ ಗ್ರಾಸ್' ತರಹದ ಇನ್ನೊಂದು ಎಪಿಸೋಡ್, ಅವಳೊಬ್ಬಳೇ, ಒಂದು ಕೋಣೆಯಲ್ಲಿ. ಅದನ್ನು ಬರೆಯಬಲ್ಲವರು, ಅಭಿನಯಿಸಬಲ್ಲವರು ಇಬ್ಬರೂ ಅಲ್ಲೇ ಇದ್ದರು. ಅವಳನ್ನು ನೋಡಿ ತಮ್ಮ ಬೇರೆತನಕ್ಕೆ ಧೈರ್ಯ ತಂದುಕೊಂಡ ಪ್ರೇಕ್ಷಕರಿಗೆ ಈ ಗುಂಡು ತಮಗೇ ತಾಗಿದ ಹಾಗಾಯಿತು. ಆ ನೋವನ್ನು ಅತಿ ಅಂತ ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ.

ಆಮೇಲೆ ಬಂದ 'ಸಿಟಿ ಆಫ್ ಏಂಜಲ್ಸ್' ಇದರ ಮುಂದುವರಿಕೆಯಾ? ನಾಲ್ಕನೇ ಸೀಸನ್ ಬರುತ್ತಾ?

ಮುಂದುವರಿಕೆ ಅಲ್ಲ. ಹೆಸರು ಮತ್ತು ಲೋಗನ್ ಮಾತ್ರ ಅವರೇ. ಕಥೆ ನಡೆಯುವುದು 1938ರ ಲಾಸ್ ಏಂಜಲೀಸ್‌ನಲ್ಲಿ, ಮೆಕ್ಸಿಕನ್ ಮೂಲದ ಜನರ ನಡುವೆ. ರೋರಿ ಕಿನ್ನಿಯರ್ ಇದ್ದಾರೆ, ಆದರೆ ಬೇರೆ ಪಾತ್ರದಲ್ಲಿ. 2020ರಲ್ಲಿ ಬಂತು, ಅದೇ ವರ್ಷ ಒಂದು ಸೀಸನ್‌ಗೆ ನಿಂತಿತು. ವನೆಸ್ಸಾಳಿಗಾಗಿ ಹುಡುಕಿಕೊಂಡು ಹೋಗಬೇಡಿ, ಬೇರೆಯದೇ ಕಥೆ ಅಂತ ನೋಡಿ. ಮೂಲ ಸೀರಿಯಲ್‌ನ ಆಮೇಲಿನ ಕಥೆ ಬೇಕಾದವರಿಗೆ ಟೈಟನ್ ಪ್ರಕಾಶನ ತಂದ ಕಾಮಿಕ್ಸ್ ಇದೆ. ಟಿವಿಯಲ್ಲಿ ಮಾತ್ರ ನಾಲ್ಕನೇ ಸೀಸನ್ ಬರಲಿಲ್ಲ.